ಕಿಡಿ ಎಲ್ಲಿ ನಿಂತಿತು?

ಹೈದರಾಬಾದಿನ ಮಲ್ಕಾಜ್‌ಗಿರಿಯ ಹಳೆಯ ಓಣಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಮನೆಯ ಗೇಟಿನೊಳಗೆ ಟಾರ್ಪಾಲು ಹೊದ್ದ ಅಂಬಾಸಿಡರ್ ನಿಂತಿರುತ್ತದೆ. ಅಪ್ಪನೋ ಅಜ್ಜನೋ ಕೊಂಡ ಕಾರು. ಮಾರಲು ಮನಸ್ಸು ಬಂದಿಲ್ಲ. ಭಾನುವಾರ ಬೆಳಿಗ್ಗೆ ಟಾರ್ಪಾಲು ಸರಿಸಿ, ಧೂಳು ಒರೆಸಿ, ಚೋಕ್ ಎಳೆದು ಸೆಲ್ಫ್ ಹೊಡೆದರೆ ಎಂಜಿನ್ ಗುರ್ರ್ ಗುರ್ರ್ ಎಂದು ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಎರಡನೇ ಸಲ, ಮೂರನೇ ಸಲ. ಐದನೇ ಸಲಕ್ಕೆ ಬ್ಯಾಟರಿಯ ದನಿ ಕುಗ್ಗಿ, ಪೆಟ್ರೋಲ್ ವಾಸನೆ ಏಳುತ್ತದೆ.

ಗೇಟಿನ ಬಳಿ ನಾಲ್ಕು ಜನ ಸೇರುತ್ತಾರೆ. ಪೆಟ್ರೋಲ್ ಬರುತ್ತಿಲ್ಲ ಎಂದು ಒಬ್ಬರು, ಪ್ಲಗ್ ಹೋಗಿದೆ ಎಂದು ಇನ್ನೊಬ್ಬರು, ತಳ್ಳಿ ನೋಡೋಣ ಎಂದು ಮತ್ತೊಬ್ಬರು. ಕೊನೆಗೆ ಮೂಲೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಬರುತ್ತಾರೆ. ಒಂದು ಪ್ಲಗ್ ಬಿಚ್ಚಿ, ಅದರದೇ ವೈರಿಗೆ ಸಿಕ್ಕಿಸಿ, ಎಂಜಿನ್ ಮೈಮೇಲೆ ಮಲಗಿಸಿ, ಸೆಲ್ಫ್ ಹೊಡೆಯಲು ಸನ್ನೆ ಮಾಡುತ್ತಾರೆ. ಎಂಜಿನ್ ತಿರುಗುತ್ತದೆ. ಪ್ಲಗ್ಗಿನ ತುದಿಯಲ್ಲಿ ಏನೂ ಕಾಣುವುದಿಲ್ಲ.

'ಕರೆಂಟ್ ನೈ ಆರಾ ಸಾಬ್.' ಕರೆಂಟ್ ಬರುತ್ತಿಲ್ಲವಂತೆ.

ಅಲ್ಲಿಗೆ ಅರ್ಧ ಪತ್ತೆ ಮುಗಿಯಿತು. ಹಣವೂ ಹೊತ್ತೂ ಪೋಲಾಗುವುದು ಉಳಿದ ಅರ್ಧದಲ್ಲಿ. ಕಿಡಿ ಇಲ್ಲವೆಂದರೆ ಮೊದಲು ಹೊಸ ಕಾಯಿಲ್, ಅದಕ್ಕೂ ಬಗ್ಗದಿದ್ದರೆ ಪಾಯಿಂಟ್, ಆಮೇಲೆ ಕಂಡೆನ್ಸರ್, ಆಮೇಲೆ ನಾಲ್ಕೂ ಪ್ಲಗ್. ಹೀಗೆ ಎಂಜಿನ್ ಹತ್ತಿಕೊಳ್ಳುವವರೆಗೆ ಸಾಮಾನು ಬದಲಿಸುತ್ತ ಹೋಗುವುದು ರೂಢಿಯಾಗಿಬಿಟ್ಟಿದೆ. ಹಳೆಯ ಕಾರಿನ ಇಗ್ನಿಷನ್‌ಗೆ ಇಷ್ಟೊಂದು ಊಹೆ ಬೇಕಿಲ್ಲ. ಅದರ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. 12 ವೋಲ್ಟಿನ ಒಂದು ಬಲ್ಬ್ ಮತ್ತು ಎರಡು ತುಂಡು ವೈರ್ ಇದ್ದರೆ, ಕಿಡಿ ಹೊರಟ ದಾರಿಯಲ್ಲಿ ಎಲ್ಲಿ ನಿಂತಿತು ಎಂಬುದನ್ನು ಅರ್ಧ ಗಂಟೆಯೊಳಗೆ ಹುಡುಕಬಹುದು.

ರೈಲಿನ ನೆರೆಯ ಊರು

ಸಿಕಂದರಾಬಾದಿಗೆ ಅಂಟಿಕೊಂಡಂತಿರುವ ಮಲ್ಕಾಜ್‌ಗಿರಿ ಯಂತ್ರಗಳ ಸದ್ದಿನ ಪಕ್ಕದಲ್ಲೇ ಬೆಳೆದ ಊರು. ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಪಕ್ಕದ ಲಾಲಾಗುಡದಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾದದ್ದು 1893ರಲ್ಲಿ. ಒಂದು ಬದಿಗೆ ಮೌಲಾಲಿಯ ಲೋಕೋ ಶೆಡ್, ಇನ್ನೊಂದು ಬದಿಗೆ ನೇರೇಡ್‌ಮೆಟ್‌ನಲ್ಲಿ ನೆಲೆನಿಂತ ಸೈನ್ಯದ ನಿವೃತ್ತರು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಆ ಕಡೆಯ ಕನ್ನಡಿಗರಿಗೂ ಈ ನಗರ ಪರವೂರಲ್ಲ.

ಇಂಥ ಊರಿನ ಮನೆಗಳಿಗೆ ಒಂದು ಕಾಲದಲ್ಲಿ ಕಾರು ಎಂದರೆ ಅಂಬಾಸಿಡರ್ ಅಥವಾ ಫಿಯೆಟ್. ಕೋಲ್ಕತ್ತ ಬಳಿಯ ಉತ್ತರಪಾರದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಗೆ ಶುರುವಾದ ಅಂಬಾಸಿಡರ್‌ನ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಅದರ ಹೆಸರುವಾಸಿ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿದ ಕಾರಿನ ಎಂಜಿನ್ 1089 ಸಿಸಿ. ಎರಡೂ ಬೇರೆ ಬೇರೆ ದೇಶದ ಕೂಸುಗಳಾದರೂ ಕಿಡಿ ಹುಟ್ಟಿಸುವ ಉಪಾಯ ಎರಡಕ್ಕೂ ಒಂದೇ. ಈ ಲೇಖನದಲ್ಲಿ ಹೇಳುವ ಪರೀಕ್ಷೆಗಳು ಎರಡಕ್ಕೂ ಸಲ್ಲುತ್ತವೆ.

ಡೀಸೆಲ್ ಅಂಬಾಸಿಡರ್ ಇರುವವರಿಗೆ ಮಾತ್ರ ಇಲ್ಲಿ ಹುಡುಕುವುದೇನೂ ಇಲ್ಲ. ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ಕಾಯಿಸಿಯೇ ಉರಿಯುತ್ತದೆ, ಅದಕ್ಕೆ ಕಿಡಿ ಬೇಡ.

12 ವೋಲ್ಟ್ 20 ಸಾವಿರ ಆಗುವ ಬಗೆ

ಪ್ಲಗ್ಗಿನ ತುದಿಯಲ್ಲಿ ಎರಡು ಲೋಹಗಳ ನಡುವೆ ಸುಮಾರು 0.6 ಮಿ.ಮೀ. ಸಂದು ಇರುತ್ತದೆ. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಸೀಳಿಕೊಂಡು ಆ ಸಂದನ್ನು ದಾಟಲು ಸಾವಿರಗಟ್ಟಲೆ ವೋಲ್ಟ್ ಒತ್ತಡ ಬೇಕು. ಬ್ಯಾಟರಿಯಲ್ಲಿ ಇರುವುದು 12. ಈ ಅಂತರವನ್ನು ತುಂಬುವುದು ಇಗ್ನಿಷನ್ ಕಾಯಿಲ್. ತಗಡಿನ ಡಬ್ಬಿಯ ಹಾಗೆ ಕಾಣುವ ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ದಪ್ಪ ತಂತಿಯದು ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯದು ಹಲವು ಸಾವಿರ ಸುತ್ತು.

ದಪ್ಪ ಸುರುಳಿಯಲ್ಲಿ ಕರೆಂಟ್ ಹರಿಯುತ್ತಿರುವಷ್ಟು ಹೊತ್ತು ಕಬ್ಬಿಣ ಅಯಸ್ಕಾಂತವಾಗಿರುತ್ತದೆ. ಆ ಕರೆಂಟನ್ನು ತಟ್ಟನೆ ಕಡಿದರೆ ಅಯಸ್ಕಾಂತದ ಶಕ್ತಿ ಕುಸಿಯುತ್ತದೆ, ಕುಸಿಯುವ ರಭಸಕ್ಕೆ ತೆಳು ಸುರುಳಿಯಲ್ಲಿ 15ರಿಂದ 25 ಸಾವಿರ ವೋಲ್ಟ್‌ವರೆಗೆ ಒತ್ತಡ ಏಳಬಲ್ಲದು. ಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟು ದಿಢೀರನೆ ಮುಚ್ಚಿದರೆ ಗೋಡೆಯೊಳಗಿನ ಪೈಪು ಧಡ್ ಎನ್ನುತ್ತದಲ್ಲ, ಹೆಚ್ಚುಕಡಿಮೆ ಅದೇ ಸಂಗತಿ. ಹರಿಯುತ್ತಿದ್ದುದು ನಿಂತ ಕ್ಷಣದಲ್ಲೇ ಪೆಟ್ಟು.

ಕರೆಂಟನ್ನು ಹೀಗೆ ಕೂಡಿಸುವುದೂ ಕಡಿಯುವುದೂ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳ ಕೆಲಸ. ಎಂಜಿನ್ ಜೊತೆ ತಿರುಗುವ ದಂಡದ ಮೇಲೆ ನಾಲ್ಕು ಮೂಲೆಯ ಕ್ಯಾಮ್ ಇರುತ್ತದೆ. ಪ್ರತಿ ಮೂಲೆಯೂ ಬಂದು ಪಾಯಿಂಟನ್ನು ಎತ್ತುತ್ತದೆ, ಎತ್ತಿದಾಗ ಕಿಡಿ. ಕಿಡಿ ಹುಟ್ಟುವುದು ಪಾಯಿಂಟ್ ಕೂಡಿದಾಗ ಎಂದು ತಿಳಿದವರೇ ಹೆಚ್ಚು. ನಿಜವಾಗಿ ಅದು ಹುಟ್ಟುವುದು ಬಿಟ್ಟಾಗ. ಈ ಒಂದು ಸಂಗತಿ ಮನಸ್ಸಿನಲ್ಲಿ ಕೂತರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಪಾಯಿಂಟ್ ಪಕ್ಕದಲ್ಲಿ ಕಿರುಬೆರಳ ತುದಿಯಷ್ಟಿರುವ ಕಂಡೆನ್ಸರ್ ಇರುತ್ತದೆ. ಕಡಿದ ಕರೆಂಟ್ ಪಾಯಿಂಟ್‌ಗಳ ನಡುವೆಯೇ ಹಾರಿಹೋಗದಂತೆ ಆ ಪೆಟ್ಟನ್ನು ಒಂದು ಕ್ಷಣ ತನ್ನೊಳಗೆ ಎಳೆದುಕೊಳ್ಳುವುದು ಅದರ ಕೆಲಸ. ಅದು ಕೈಕೊಟ್ಟರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಾಯಿಂಟ್‌ನಲ್ಲೇ ಹೊತ್ತಿ, ಪಾಯಿಂಟನ್ನೇ ಸುಡುತ್ತದೆ. ಇನ್ನು ಕಾಯಿಲ್‌ನಲ್ಲಿ ಹುಟ್ಟಿದ ಒತ್ತಡ ದಪ್ಪ ವೈರಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ನಡುವಿಗೆ ಬಂದು, ಒಳಗೆ ತಿರುಗುವ ರೋಟರ್ ಮೂಲಕ ಸರದಿಯಂತೆ ನಾಲ್ಕು ಪ್ಲಗ್‌ಗಳಿಗೆ ಹಂಚಿಕೆಯಾಗುತ್ತದೆ. ಅಂಬಾಸಿಡರ್‌ನಲ್ಲಿ ಆ ಸರದಿ 1-3-4-2. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಇಡೀ ವ್ಯವಹಾರ ಸೆಕೆಂಡಿಗೆ 100 ಸಲ ನಡೆಯುತ್ತದೆ.

ಡೇಟನ್‌ನಿಂದ ಆಡುಗೋಡಿಗೆ

ಈ ವ್ಯವಸ್ಥೆಯನ್ನು ರೂಪಿಸಿದವರು ಅಮೆರಿಕದ ಡೇಟನ್ ಊರಿನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್. 1909ರಲ್ಲಿ ಅವರು ಕಟ್ಟಿದ ಕಂಪನಿಯ ಹೆಸರು ಡೆಲ್ಕೊ. ಕ್ಯಾಡಿಲಾಕ್‌ನ 1910ರ ಕಾರುಗಳಲ್ಲಿ ಅವರ ಇಗ್ನಿಷನ್ ಬಂತು, 1912ರ ಕಾರುಗಳಲ್ಲಿ ಅವರದೇ ವಿದ್ಯುತ್ ಸ್ಟಾರ್ಟರ್ ಬಂತು. ಕೈಯಿಂದ ಹ್ಯಾಂಡಲ್ ತಿರುಗಿಸದೆ ಎಂಜಿನ್ ತಾನೇ ಹೊರಡುವುದರಿಂದ ಅದು ಸೆಲ್ಫ್ ಸ್ಟಾರ್ಟರ್ ಎನಿಸಿತು. ನಮ್ಮ ಡ್ರೈವರ್‌ಗಳು ಇಂದಿಗೂ 'ಸೆಲ್ಫ್ ಹೊಡಿ' ಎನ್ನುವುದು, ಹಳೆಯ ಮೆಕ್ಯಾನಿಕ್‌ಗಳಲ್ಲಿ ಹಲವರು ಡಿಸ್ಟ್ರಿಬ್ಯೂಟರನ್ನು 'ಡೆಲ್ಕೊ' ಎನ್ನುವುದು, ಎರಡೂ ಆ ಕಾಲದಿಂದ ನಡೆದುಬಂದ ಮಾತುಗಳು.

ಆ ದಿನಗಳಲ್ಲಿ ಕಿಡಿಯ ಮೇಲೆ ಪೂರ್ತಿ ನಂಬಿಕೆ ಇನ್ನೂ ಬಂದಿರಲಿಲ್ಲ. ಅದಕ್ಕೆ ಸಾಕ್ಷಿ ಹೈದರಾಬಾದಿನಲ್ಲೇ ಇದೆ. ಆರನೇ ನಿಜಾಮ್ ಮಹಬೂಬ್ ಅಲಿ ಖಾನ್‌ಗಾಗಿ ತಯಾರಾದ, ಆದರೆ ಅವರು 1911ರಲ್ಲಿ ತೀರಿಕೊಂಡ ಮೇಲಷ್ಟೇ ಬಂದು ತಲುಪಿದ ಹಳದಿ ಬಣ್ಣದ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಚೌಮಹಲ್ಲಾ ಅರಮನೆಯಲ್ಲಿದೆ. ಆ ಮಾದರಿಯ ಆರು ಸಿಲಿಂಡರಿನ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್. ಒಂದು ಸಾಲಿಗೆ ಬ್ಯಾಟರಿ ಇಲ್ಲದೆ ತಾನೇ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊದಿಂದ ಕಿಡಿ, ಇನ್ನೊಂದು ಸಾಲಿಗೆ ಬ್ಯಾಟರಿ-ಕಾಯಿಲ್‌ನಿಂದ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

ಭಾರತದ ರಸ್ತೆಗೆ ಈ ಸಾಮಾನು ಒದಗಿಸಿದ ಎರಡು ಊರುಗಳು ದಕ್ಷಿಣದವೇ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶದ ಗ್ಯಾರೇಜುಗಳಿಗೆಲ್ಲ ಪರಿಚಿತವಾಯಿತು. 'ಮೈಕೋ ಪ್ಲಗ್' ಎಂಬುದು ಒಂದೇ ಪದದ ಹಾಗೆ ಬಳಕೆಗೆ ಬಂತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಬೆಂಗಳೂರಿನ ಮೈಕೋ ಲೇಔಟ್ ಹಳೆಯ ಹೆಸರನ್ನು ಬಿಟ್ಟಿಲ್ಲ. ಡಿಸ್ಟ್ರಿಬ್ಯೂಟರ್, ಕಾಯಿಲ್, ಸ್ಟಾರ್ಟರ್‌ಗಳಿಗೆ ಮದ್ರಾಸಿನ ಪಾಡಿಯ ಲ್ಯೂಕಾಸ್-ಟಿವಿಎಸ್ ಹೆಸರಾಯಿತು.

ಮೊದಲು ಕಣ್ಣಿನ ಕೆಲಸ

ಕಿಡಿ ಇಲ್ಲ ಎಂದು ಗೊತ್ತಾದೊಡನೆ ಸ್ಪ್ಯಾನರ್ ಹಿಡಿಯುವುದು ಆತುರ. ಗೇರು ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಎಳೆದಿದೆಯೇ, ಸೀರೆಯ ಸೆರಗು, ದುಪಟ್ಟಾ, ಸಡಿಲ ತೋಳು ಫ್ಯಾನಿಗೆ ಸಿಗುವಂತಿದೆಯೇ ಎಂಬುದನ್ನು ಮೊದಲು ನೋಡಬೇಕು. ಕಾರ್ಬ್ಯುರೇಟರ್ ಸುತ್ತ ಪೆಟ್ರೋಲ್ ಸೋರಿ ಹಸಿಯಾಗಿದ್ದರೆ ಅದು ಆರುವವರೆಗೆ ಕಿಡಿಯ ಪರೀಕ್ಷೆ ಕೂಡದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದಿಂದ ದೂರ ನಿಲ್ಲಬೇಕು. ಸಾವಿರಗಟ್ಟಲೆ ವೋಲ್ಟಿನ ಹೊಡೆತ ಗಟ್ಟಿ ಆಳನ್ನೂ ಬೆಚ್ಚಿಬೀಳಿಸುತ್ತದೆ.

ಆಮೇಲೆ ಬ್ಯಾಟರಿ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದಾಗ ದೀಪ ಪೂರ್ತಿ ಕಂದಿದರೆ ತೊಂದರೆ ಅಲ್ಲೇ ಇರಬಹುದು. ಸ್ಟಾರ್ಟರ್ ಇದ್ದಬದ್ದ ಕರೆಂಟನ್ನೆಲ್ಲ ನುಂಗಿದರೆ ಕಾಯಿಲ್‌ಗೆ ಉಳಿಯುವುದು ಕಡಿಮೆ. ಸೆಲ್ಫ್‌ಗೆ ಹತ್ತದ ಕಾರು ತಳ್ಳಿದಾಗ ಹತ್ತಿಕೊಳ್ಳುವ ಗುಟ್ಟು ಎಷ್ಟೋ ಸಲ ಇಷ್ಟೇ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ರೋಟರ್ ತಿರುಗುತ್ತದೆಯೇ ಎಂದು ನೋಡಬೇಕು. ಎಂಜಿನ್ ತಿರುಗಿದರೂ ರೋಟರ್ ನಿಂತೇ ಇದ್ದರೆ ಇದು ಕರೆಂಟಿನ ಕಾಯಿಲೆಯಲ್ಲ, ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಹಲ್ಲುಚಕ್ರವೋ ಟೈಮಿಂಗ್ ಚೈನೋ ಕಡಿದಿದೆ. ಕ್ಯಾಪ್ ಕೈಯಲ್ಲಿದ್ದಾಗಲೇ ಅದರ ಒಳಮೈ ನೋಡಬೇಕು. ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಅಲ್ಲಿ ಕಿಡಿ ಅಡ್ಡದಾರಿ ಹಿಡಿದಿದೆ. ನಡುವೆ ಇರಬೇಕಾದ ಪುಟ್ಟ ಕಾರ್ಬನ್ ತುಂಡು ಸವೆದೋ ಬಿದ್ದೋ ಹೋಗಿರಬಹುದು. ಮಳೆಗಾಲದಲ್ಲಂತೂ ಒಳಗೆ ಬೆವರಿದಂತೆ ತೇವ ಕೂತಿರುತ್ತದೆ. ನೀರು ನಿಂತ ರೈಲ್ವೆ ಅಂಡರ್‌ಬ್ರಿಡ್ಜ್ ದಾಟಿ ಬಂದ ಕಾರು ನಡುರಸ್ತೆಯಲ್ಲಿ ನಿಂತರೆ, ಒಣ ಹತ್ತಿ ಬಟ್ಟೆಯಿಂದ ಕ್ಯಾಪ್ ಮತ್ತು ವೈರುಗಳನ್ನು ಒರೆಸಿದರೆ ಸಾಕಾಗುವುದೇ ಹೆಚ್ಚು.

ದಾರಿಯನ್ನು ಎರಡು ಪಾಲು ಮಾಡಿ

ಕಣ್ಣಿಗೆ ಏನೂ ಸಿಗದಿದ್ದರೆ ಪರೀಕ್ಷೆಗೆ ಇಳಿಯಬೇಕು. ಅನುಭವಿ ಕೈ ಇಲ್ಲಿ ಮಾಡುವ ಮೊದಲ ಕೆಲಸ, ದಾರಿಯನ್ನು ಸರಿಯಾಗಿ ನಡುವಿನಲ್ಲಿ ಕತ್ತರಿಸಿ ನೋಡುವುದು. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕ್ಯಾಪ್‌ನ ನಡುವಿನಿಂದ ಕಿತ್ತು, ಹಿಡಿಗೆ ರಬ್ಬರ್ ಇರುವ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್‌ನ ಬರಿ ಲೋಹದಿಂದ ಸುಮಾರು 6 ಮಿ.ಮೀ. ದೂರದಲ್ಲಿಟ್ಟು ಸೆಲ್ಫ್ ಹೊಡೆಸಬೇಕು.

ಅಲ್ಲಿ ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಬ್ಯಾಟರಿ, ಸ್ವಿಚ್, ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಲ್ಲವೂ ಒಂದೇ ಏಟಿಗೆ ಪಾಸಾದವು. ಹೊಸ ಕಾಯಿಲ್ ಕೊಳ್ಳಲು ಸಿಕಂದರಾಬಾದಿನ ಬಿಡಿಭಾಗಗಳ ಪೇಟೆ ರಾಣಿಗಂಜ್‌ಗೆ ಓಡಬೇಕಿಲ್ಲ. ತಪ್ಪು ಕ್ಯಾಪ್, ರೋಟರ್, ಪ್ಲಗ್ ವೈರ್, ಪ್ಲಗ್ ಇವುಗಳಲ್ಲೇ ಇದೆ. ರೋಟರ್ ಮೇಲೆ ಅನುಮಾನವಿದ್ದರೆ ಕ್ಯಾಪ್ ಇಲ್ಲದೆ ಅದೇ ದಪ್ಪ ವೈರನ್ನು ರೋಟರಿನ ಹಿತ್ತಾಳೆ ಪಟ್ಟಿಗೆ ಮೂರು-ನಾಲ್ಕು ಮಿ.ಮೀ. ದೂರದಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ಒಳ್ಳೆಯ ರೋಟರಿಗೆ ಕಿಡಿ ಹಾರಬಾರದು, ಏಕೆಂದರೆ ಅದಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಹಾರಿತೆಂದರೆ ರೋಟರಿನ ಮೈ ಒಡೆದು ಕರೆಂಟ್ ಕೆಳಗಿನ ದಂಡಕ್ಕೆ ಇಳಿಯುತ್ತಿದೆ ಎಂದರ್ಥ. ಹೊರನೋಟಕ್ಕೆ ಹೊಚ್ಚ ಹೊಸದರಂತೆ ಕಾಣುವ ರೋಟರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ದಪ್ಪ ವೈರಿನ ತುದಿಯಲ್ಲೂ ಕಿಡಿ ಇಲ್ಲವಾದರೆ, ಅಥವಾ ಸಣಕಲು ಹಳದಿ ಎಳೆಯಷ್ಟೇ ಕಂಡರೆ, ತಪ್ಪು ಹಿಂದಿನ ಪಾಲಿನಲ್ಲಿದೆ. ಇನ್ನು ಬಲ್ಬ್ ಕೈಗೆತ್ತಿಕೊಳ್ಳಬೇಕು.

ಬಲ್ಬ್ ಹೇಳುವ ಸಾಕ್ಷಿ

ಇಂಡಿಕೇಟರಿನ 12 ವೋಲ್ಟ್ ಬಲ್ಬ್ ಒಂದಕ್ಕೆ ಎರಡು ವೈರ್ ಬೆಸೆದರೆ ಉಪಕರಣ ಸಿದ್ಧ. ಒಂದು ವೈರ್ ಎಂಜಿನ್ ಮೈಗೆ, ಇನ್ನೊಂದು ಪರೀಕ್ಷಿಸುವ ಜಾಗಕ್ಕೆ. ಕಾಯಿಲ್ ತಲೆಯ ಮೇಲೆ ಎರಡು ಸಣ್ಣ ಟರ್ಮಿನಲ್‌ಗಳಿವೆ. ಲ್ಯೂಕಾಸ್‌ನ ಹಳೆಯ ಕಾಯಿಲ್‌ಗಳಲ್ಲಿ ಅವುಗಳ ಪಕ್ಕ 'ಎಸ್‌ಡಬ್ಲ್ಯೂ' ಮತ್ತು 'ಸಿಬಿ' ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಕೀಲಿಯ ಸ್ವಿಚ್‌ನಿಂದ ಬರುವ ಕಡೆ, ಎರಡನೆಯದು ಪಾಯಿಂಟಿಗೆ ಹೋಗುವ ಕಡೆ.

ಕೀಲಿ ತಿರುಗಿಸಿ ಸ್ವಿಚ್ ಕಡೆಯ ಟರ್ಮಿನಲ್ ಮುಟ್ಟಿದರೆ ಬಲ್ಬ್ ಉರಿಯಬೇಕು. ಉರಿಯದಿದ್ದರೆ ಕಾಯಿಲ್‌ವರೆಗೆ ಕರೆಂಟ್ ಬಂದೇ ಇಲ್ಲ: ಕೀಲಿಯ ಸ್ವಿಚ್ ಸವೆದಿದೆ, ಇಲ್ಲವೇ ಸ್ವಿಚ್‌ನಿಂದ ಬರುವ ಬಿಳಿ ವೈರ್ ಎಲ್ಲೋ ತುಂಡಾಗಿದೆ. ಖಚಿತ ಮಾಡಿಕೊಳ್ಳಲು ಬ್ಯಾಟರಿಯಿಂದ ನೇರವಾಗಿ ಒಂದು ವೈರ್ ಎಳೆದು ಈ ಟರ್ಮಿನಲ್‌ಗೆ ಕೊಟ್ಟು ನೋಡಬಹುದು. ಎಂಜಿನ್ ಹತ್ತಿಕೊಂಡರೆ ವಿಚಾರ ಮುಗಿಯಿತು.

ಅಲ್ಲಿ ಉರಿದರೆ ಬಲ್ಬನ್ನು ಪಾಯಿಂಟ್ ಕಡೆಯ ಟರ್ಮಿನಲ್‌ಗೆ ಒಯ್ಯಬೇಕು. ಪಾಯಿಂಟ್ ಬಿಟ್ಟಿದ್ದಾಗ ಬಲ್ಬ್ ಉರಿಯಬೇಕು, ಕೂಡಿದಾಗ ಆರಬೇಕು. ಸೆಲ್ಫ್ ಹೊಡೆಯುವಾಗ ಮಿಣುಕುತ್ತಿರಬೇಕು. ಇಲ್ಲಿ ಮೂರು ಬಗೆಯ ತಪ್ಪು ಸಿಗಬಹುದು. ಬಲ್ಬ್ ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್‌ಗಳು ಮುಟ್ಟಿದಂತೆ ಕಂಡರೂ ಕರೆಂಟ್ ದಾಟುತ್ತಿಲ್ಲ. ಅವುಗಳ ಮೇಲೆ ಪೊರೆ ಕೂತಿದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರ್ ಕಡಿದಿದೆ. ಆ ವೈರ್ ಎಂಜಿನ್ ಓಡುವಾಗಲೆಲ್ಲ ಅತ್ತಿತ್ತ ಅಲುಗುತ್ತಿರುತ್ತದೆ. ಮೇಲಿನ ಹೊದಿಕೆ ಗಟ್ಟಿಯಾಗಿಯೇ ಇದ್ದು ಒಳಗಿನ ತಂತಿ ಮುರಿದಿರುವುದುಂಟು, ಎಳೆದು ನೋಡದ ಹೊರತು ಗೊತ್ತಾಗುವುದಿಲ್ಲ.

ಬಲ್ಬ್ ಉರಿಯುವುದೇ ಇಲ್ಲವಾದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ಮುಟ್ಟಿಸಬೇಕು. ಈಗಲೂ ಕತ್ತಲೆಯಾದರೆ ಕಾಯಿಲ್‌ನ ದಪ್ಪ ಸುರುಳಿ ಕಡಿದಿದೆ, ಹೊಸ ಕಾಯಿಲ್ ತರಲೇಬೇಕಾದದ್ದು ಈ ಘಟ್ಟದಲ್ಲಿ. ಬಿಚ್ಚಿದಾಗ ಉರಿದರೆ ಕಾಯಿಲ್ ಚೆನ್ನಾಗಿದೆ, ಡಿಸ್ಟ್ರಿಬ್ಯೂಟರ್ ಒಳಗೆ ಎಲ್ಲೋ ಕರೆಂಟ್ ನೇರ ಮೈಗೆ ಇಳಿಯುತ್ತಿದೆ. ಹೊಸ ಪಾಯಿಂಟ್ ಹಾಕಿದ ಮರುದಿನ ಈ ತೊಂದರೆ ಬಂದರೆ ಅಲ್ಲಿನ ಪುಟ್ಟ ಪ್ಲಾಸ್ಟಿಕ್ ವಾಷರ್ ತಪ್ಪಿಹೋಗಿದೆಯೇ ಅಥವಾ ಹಿಂದುಮುಂದಾಗಿದೆಯೇ ನೋಡಬೇಕು. ಹೆಸರು ಮಾಡಿದ ಮೆಕ್ಯಾನಿಕ್‌ಗಳನ್ನೂ ಈ ವಾಷರ್ ಗಂಟೆಗಟ್ಟಲೆ ಕೂರಿಸಿದೆ.

ಮೂರನೆಯದು, ಬಲ್ಬ್ ಸರಿಯಾಗಿ ಮಿಣುಕುತ್ತದೆ, ಆದರೂ ಕಿಡಿ ಇಲ್ಲ. ಆಗ ಅನುಮಾನ ಕಂಡೆನ್ಸರ್ ಮೇಲೆ, ಕಾಯಿಲ್‌ನ ತೆಳು ಸುರುಳಿಯ ಮೇಲೆ, ಅಥವಾ ಆ ದಪ್ಪ ವೈರಿನ ಮೇಲೆ. ಕೀಲಿ ಹಾಕಿ ಸ್ಕ್ರೂಡ್ರೈವರ್ ತುದಿಯಿಂದ ಪಾಯಿಂಟನ್ನು ಮೆಲ್ಲಗೆ ಎತ್ತಿ ಬಿಟ್ಟು ನೋಡಿದರೆ ಕಂಡೆನ್ಸರಿನ ಬಣ್ಣ ಬಯಲಾಗುತ್ತದೆ: ಪಾಯಿಂಟ್‌ಗಳ ನಡುವೆ ಕಂಡೂ ಕಾಣದಷ್ಟು ಸಣ್ಣ ಕಿಡಿ ಬಂದರೆ ಸರಿ, ದೊಡ್ಡ ಹಳದಿ ಕಿಡಿ ಹೊತ್ತಿದರೆ ಕಂಡೆನ್ಸರ್ ಹೋಗಿದೆ. ಇಷ್ಟೆಲ್ಲ ಮಾಡುವಾಗ ಕೀಲಿಯನ್ನು ಸುಮ್ಮನೆ ಹಾಕಿಯೇ ಬಿಡಬಾರದು. ಪಾಯಿಂಟ್ ಕೂಡಿದ್ದರೆ ಸುಮಾರು 4 ಆಂಪಿಯರ್ ಹರಿಯುತ್ತಲೇ ಇದ್ದು ಒಳ್ಳೆಯ ಕಾಯಿಲ್ ಕೂಡ ಬಿಸಿಯಾಗಿ ಕೆಡುತ್ತದೆ.

ಪಾಯಿಂಟ್‌ನ ಮುಖ

ವರ್ಷಗಟ್ಟಲೆ ನಿಂತ ಕಾರಿನಲ್ಲಿ ಅಪರಾಧಿ ಬಹುಮಟ್ಟಿಗೆ ಪಾಯಿಂಟೇ. ಹತ್ತಿರದಿಂದ ನೋಡಿದರೆ ಅವು ಟಂಗ್‌ಸ್ಟನ್ ಲೋಹದ ಎರಡು ಪುಟ್ಟ ಬಿಲ್ಲೆಗಳು, ತೊಗರಿಬೇಳೆಯಷ್ಟು. ಆರೋಗ್ಯವಾಗಿದ್ದಾಗ ಅವುಗಳ ಮುಖ ಮಂಕು ಬೂದು. ಓಡದೆ ನಿಂತರೆ ಗಾಳಿಯ ತೇವಕ್ಕೆ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟುತ್ತದೆ, 12 ವೋಲ್ಟಿಗೆ ಅದನ್ನು ದಾಟುವ ಬಲವಿಲ್ಲ. ಬಹಳ ಓಡಿದ್ದರೆ ಒಂದು ಬಿಲ್ಲೆಯಲ್ಲಿ ಗುಂಡಿ, ಎದುರಿನದರಲ್ಲಿ ದಿಬ್ಬ. ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆಯುತ್ತ ಬಂದರೆ ಸಂದು ಕಿರಿದಾಗಿ ಪಾಯಿಂಟ್ ಬಿಡುವುದೇ ಇಲ್ಲ, ಆಗಲೂ ಕಿಡಿ ಇಲ್ಲ.

ಪೊರೆಯಾದರೆ ನುಣುಪು ಎಮರಿ ಪೇಪರಿನ ಒಂದು ಪಟ್ಟಿಯನ್ನು ನಡುವೆ ಇಟ್ಟು ನಾಲ್ಕು ಸಲ ಎಳೆದರೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸುವುದು ತಪ್ಪು, ಎಮರಿಯ ಪುಡಿಯೇ ಹೊಸ ಪೊರೆಯಾಗುತ್ತದೆ. ಒಂದು ಬಿಳಿ ಕಾಗದದ ಚೂರನ್ನು ಪೆಟ್ರೋಲಿನಲ್ಲಿ ಒದ್ದೆ ಮಾಡಿ ಪಾಯಿಂಟ್‌ಗಳ ನಡುವೆ ಎಳೆಯಬೇಕು. ಮೊದಲ ಸಲ ಕಾಗದದ ಮೇಲೆ ಕಪ್ಪು ಗೀರು ಬೀಳುತ್ತದೆ. ಗೀರು ಬೀಳದೆ ಕಾಗದ ಬೆಳ್ಳಗೆ ಹೊರಬರುವವರೆಗೆ ಚೂರು ಬದಲಿಸುತ್ತ ಎಳೆಯಬೇಕು.

ಅಂಬಾಸಿಡರ್‌ನ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ನಲ್ಲಿ ಕ್ಯಾಮ್‌ನ ಮೂಲೆಯ ಮೇಲೆ ಹಿಮ್ಮಡಿ ನಿಂತಾಗ ಪಾಯಿಂಟ್ ಸಂದು ಇಂಚಿನ ಸಾವಿರ ಪಾಲಿನಲ್ಲಿ 14ರಿಂದ 16 ಪಾಲು, ಅಂದರೆ ಹೆಚ್ಚುಕಡಿಮೆ 0.4 ಮಿ.ಮೀ. ಇರಬೇಕು. ಅಳೆಯಲು ಫೀಲರ್ ಗೇಜ್ ಇದೆ. ದಾರಿಯಲ್ಲಿ ಸಿಕ್ಕಿಬಿದ್ದವರು ದಪ್ಪನೆಯ ವಿಸಿಟಿಂಗ್ ಕಾರ್ಡಿನಿಂದ ಅಂದಾಜು ಮಾಡಿ ಮನೆ ಸೇರಬಹುದು, ಮನೆಗೆ ಬಂದ ಮೇಲೆ ಗೇಜ್ ಹಾಕಿ ನೋಡಲೇಬೇಕು.

ಮೇ ತಿಂಗಳ ಒದ್ದೆ ಬಟ್ಟೆ

ಹೈದರಾಬಾದಿನ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಬೆಳಿಗ್ಗೆ ಸುಲಭವಾಗಿ ಹತ್ತಿಕೊಂಡ ಕಾರು ಮಧ್ಯಾಹ್ನ ಮೆಟ್ಟುಗುಡ ಸಿಗ್ನಲ್‌ನಲ್ಲಿ ನಿಂತುಬಿಡುತ್ತದೆ. ಅನುಭವಸ್ಥರು ಬಾನೆಟ್ ಎತ್ತಿ ಫ್ಯೂಯೆಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಅರ್ಧ ಗಂಟೆ ಕಳೆದು ಸೆಲ್ಫ್ ಹೊಡೆದರೆ ಕಾರು ಹೊರಡುತ್ತದೆ. ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಂಡಿತ್ತು ಎಂದು ತೀರ್ಮಾನ.

ಆವಿ ಕಟ್ಟುವುದು ನಿಜವಾದ ತೊಂದರೆಯೇ. ಆದರೆ ಅದೇ ಅರ್ಧ ಗಂಟೆಯಲ್ಲಿ ಕಂಡೆನ್ಸರೂ ತಣ್ಣಗಾಗಿರುತ್ತದೆ, ಕಾಯಿಲೂ ತಣ್ಣಗಾಗಿರುತ್ತದೆ. ಒಳಗಿನ ನಿರೋಧಕ ಪದರ ಸಡಿಲಗೊಂಡ ಕಂಡೆನ್ಸರ್ ಬಿಸಿಯಲ್ಲಿ ಕೈಕೊಟ್ಟು ತಣ್ಣಗಾದಾಗ ಮತ್ತೆ ಜೀವ ಪಡೆಯುತ್ತದೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ಎಲ್ಲ ಸರಿಯಾಗಿರುವುದರಿಂದ ಮೆಕ್ಯಾನಿಕ್ ಕಣ್ಣಿಗೂ ಬೀಳುವುದಿಲ್ಲ. ಕಂಡೆನ್ಸರ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಪಂಪ್ ಬದಲಾಗುತ್ತದೆ, ಕಾರ್ಬ್ಯುರೇಟರ್ ಬಿಚ್ಚಿಸಿಕೊಳ್ಳುತ್ತದೆ, ಮುಂದಿನ ಬೇಸಿಗೆಗೆ ಕಾರು ಮತ್ತೆ ಅದೇ ಸಿಗ್ನಲ್‌ನಲ್ಲಿ ನಿಲ್ಲುತ್ತದೆ.

ಇವೆರಡನ್ನು ಬೇರ್ಪಡಿಸುವ ಉಪಾಯ ಒಂದೇ: ಕಾರು ನಿಂತ ಆ ಗಳಿಗೆಯಲ್ಲೇ, ಬಿಸಿ ಆರುವ ಮೊದಲು, ಒಂದು ಪ್ಲಗ್ ಬಿಚ್ಚಿ ಕಿಡಿ ನೋಡಬೇಕು. ಬಿಸಿಲಲ್ಲಿ, ಹಿಂದಿನವರ ಹಾರ್ನ್ ನಡುವೆ ಇದು ಕಷ್ಟದ ಕೆಲಸ. ಕಾರನ್ನು ಪಕ್ಕಕ್ಕೆ ತಳ್ಳಿಸಿ ಆ ಎರಡು ನಿಮಿಷ ಕೊಟ್ಟವರಿಗೆ ಆ ಬೇಸಿಗೆಯ ಖರ್ಚು ಉಳಿಯುತ್ತದೆ.

ಕಿಡಿ ಇಲ್ಲದೆ ಸೆಲ್ಫ್ ಹೊಡೆಯುತ್ತಲೇ ಇರುವುದಕ್ಕೂ ಬೆಲೆ ಇದೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ, ಎಂಜಿನ್ ಆಯಿಲ್ ತೆಳುವಾಗುತ್ತದೆ, ಪಿಸ್ಟನ್ ಒಣ ಗೋಡೆಗೆ ಉಜ್ಜುತ್ತದೆ. ಮೂರು ಸಲ ಹೊಡೆದು ಹತ್ತಲಿಲ್ಲವೆಂದರೆ ಕೀಲಿ ತೆಗೆದು ಬಾನೆಟ್ ಎತ್ತುವುದು ಒಳ್ಳೆಯದು.

ಹೊಸ ಸಾಮಾನಿನ ಹಳೆಯ ರೋಗ

ಸಿಕಂದರಾಬಾದಿನ ರಾಣಿಗಂಜ್‌ನಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಅಂಬಾಸಿಡರ್, ಫಿಯೆಟ್ ಸಾಮಾನು ಇನ್ನೂ ಹುಡುಕಿದರೆ ಸಿಗುತ್ತದೆ. ಹೊಸದೆಲ್ಲ ಒಳ್ಳೆಯದು ಎಂಬ ನಂಬಿಕೆ ಮಾತ್ರ ಇಲ್ಲಿ ನಡೆಯುವುದಿಲ್ಲ. ಈಚಿನ ರೋಟರ್ ಮತ್ತು ಕಂಡೆನ್ಸರ್‌ಗಳು ಬೇಗ ಕೈಕೊಡುತ್ತವೆ ಎಂಬುದು ಹಳೆಯ ಕಾರಿನವರು ಇಂಗ್ಲೆಂಡಿನಲ್ಲೂ ಭಾರತದಲ್ಲೂ ಹೇಳುವ ದೂರು. ಅದಕ್ಕೇ ಕೆಲಸ ಮಾಡುತ್ತಿರುವ ಹಳೆಯ ಸಾಮಾನನ್ನು ಬಿಚ್ಚಿದ ಮೇಲೆ ಎಸೆಯದೆ, ಕಾಗದ ಸುತ್ತಿ ಡಿಕ್ಕಿಯಲ್ಲಿ ಇಡುವುದು ಜಾಣತನ.

ಪಾಯಿಂಟ್ ಜಾಗದಲ್ಲಿ ಕೂರುವ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳೂ ಬಂದಿವೆ. ಸವೆಯುವ ಪಾಯಿಂಟ್ ಇಲ್ಲ, ಸಂದು ಹೊಂದಿಸುವ ಗೋಜಿಲ್ಲ, ಕಿಡಿ ಒಂದೇ ಸಮನೆ ಬರುತ್ತದೆ. ದಿನವೂ ಓಡಿಸುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಅದು ಸತ್ತರೆ ರಸ್ತೆ ಬದಿಯಲ್ಲಿ ಮಾಡುವುದು ಏನೂ ಇರುವುದಿಲ್ಲ. ಎಮರಿ ಪೇಪರಿಗೆ, ಬಲ್ಬಿಗೆ ಅದು ಉತ್ತರ ಕೊಡುವುದಿಲ್ಲ. ಬಿಚ್ಚಿಟ್ಟ ಹಳೆಯ ಪಾಯಿಂಟ್ ತಟ್ಟೆಯನ್ನು ಕಂಡೆನ್ಸರ್ ಸಮೇತ ಕಾರಿನಲ್ಲೇ ಇಟ್ಟುಕೊಂಡವರು ಮನೆ ತಲುಪುತ್ತಾರೆ.

ಐವತ್ತು ದಾಟುತ್ತಿರುವ ಕಾರುಗಳು

15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ಕಾರು ಆರ್‌ಟಿಒ ಮುಂದೆ ಹೋಗಿ ನಿಲ್ಲಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ವಾಹನಕ್ಕೆ 'ವಿಎ' ಅಕ್ಷರಗಳ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000 ರೂಪಾಯಿ. 1976ರಲ್ಲಿ ನೋಂದಣಿಯಾದ ಅಂಬಾಸಿಡರ್‌ಗೆ 2026ರಲ್ಲಿ 50 ತುಂಬುತ್ತದೆ. ಮುಂದೆ ಪ್ರತಿ ವರ್ಷವೂ ಇಂಥ ಇನ್ನಷ್ಟು ಕಾರುಗಳು ಆ ಸಾಲಿಗೆ ಸೇರುತ್ತವೆ.

ಅವುಗಳನ್ನು ಓಡಿಸಬಲ್ಲ ಕೈಗಳು ಮಾತ್ರ ಹೆಚ್ಚುತ್ತಿಲ್ಲ. ಸ್ಕ್ಯಾನರ್ ಚುಚ್ಚಿ ಪರದೆಯ ಮೇಲೆ ದೋಷದ ಸಂಖ್ಯೆ ಓದುವುದನ್ನು ಕಲಿತ ಹುಡುಗರಿಗೆ ಪಾಯಿಂಟ್ ಸಂದು ಹೊಂದಿಸುವ ಸಂದರ್ಭವೇ ಬಂದಿರುವುದಿಲ್ಲ. ಬಲ್ಲವರಿಗೆ ವಯಸ್ಸಾಗಿದೆ, ಅವರು ಕಲಿತದ್ದು ಪುಸ್ತಕದಿಂದಲ್ಲ. ಮಲ್ಕಾಜ್‌ಗಿರಿಯಲ್ಲಿರಲಿ, ಕಲಬುರಗಿಯಲ್ಲಿರಲಿ, ಮೈಸೂರಿನಲ್ಲಿರಲಿ, ಮನೆಯಲ್ಲಿ ಹಳೆಯ ಕಾರು ಉಳಿಸಿಕೊಂಡವರು ಮುಂದಿನ ಸಲ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿದಾಗ ಮನೆಯ ಮಕ್ಕಳನ್ನೂ ಪಕ್ಕಕ್ಕೆ ಕರೆಯಲಿ. ಬಲ್ಬಿನ ಒಂದು ವೈರ್ ಎಂಜಿನ್ ಮೈಗೆ ಸಿಕ್ಕಿಸಿ, ಇನ್ನೊಂದನ್ನು ಮಗುವಿನ ಕೈಗೆ ಕೊಟ್ಟು, ಎಲ್ಲಿ ಮುಟ್ಟಿಸಬೇಕೆಂದು ಆ ಹಿರಿಯರಿಂದಲೇ ಹೇಳಿಸಲಿ.